ಚುಕ್ಕೆ ರೋಗಕ್ಕೆ ಎದೆಕೊಟ್ಟದ್ದು ನಾಟಿ ಗಪ್ಪಿ

ಕೋಳಿಯಾದರೆ ನಾಟಿಯೇ ಬೇಕು ಅನ್ನುವ ನಾನು ಮೀನಿನ ವಿಷಯದಲ್ಲಿ ಮಾತ್ರ ಬಣ್ಣಕ್ಕೆ ಮರುಳಾದೆ. ಜೋಡಿಗೆ 350 ರೂಪಾಯಿ ಕೊಟ್ಟು ಮೂರು ಜೋಡಿ ಕೆಂಪು ಫ್ಯಾನ್ಸಿ ಗಪ್ಪಿ ತಂದೆ. ತೊಟ್ಟಿಯಲ್ಲಿ ಆಗಲೇ ನಾಲ್ಕು ಪ್ಲಾಟಿ ಇದ್ದವು, ಗಪ್ಪಿಯ ಹಾಗೇ ಮರಿ ಹಾಕುವ ಸಣ್ಣ ಬಣ್ಣದ ಮೀನು. ಜೊತೆಗೆ ಯಲಹಂಕದ ಚಿಕ್ಕಪ್ಪ ಸೊಳ್ಳೆ ಮರಿ ತಿನ್ನಲಿ ಅಂತ ನೀರಿನ ತೊಟ್ಟಿಯಲ್ಲಿ ಸಾಕಿದ್ದ ಎಂಟು ನಾಟಿ ಗಪ್ಪಿ, ಪುಕ್ಕಟೆ.

ಡಿಸೆಂಬರ್ ಚಳಿಗೆ ನೀರು 20 ಡಿಗ್ರಿಗೆ ಇಳಿಯಿತು. ವಾರದೊಳಗೆ ಕೆಂಪು ಬಾಲಗಳ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ.

ಔಷಧಿ ಹಾಕಿದೆ. ಮೂರನೇ ದಿನ ಚುಕ್ಕೆ ಮಾಯ, ನಾನೂ ನಿಲ್ಲಿಸಿದೆ. ಅಲ್ಲೇ ಎಡವಿದ್ದು. ಇಕ್ತಿಯೋಫ್ತಿರಿಯಸ್ ಅನ್ನುವ ಈ ಪರಾವಲಂಬಿ ಮೀನಿನ ಚರ್ಮದೊಳಗೆ ಕೂತಿರುವಾಗ ಔಷಧಿ ಅದನ್ನು ಮುಟ್ಟುವುದೇ ಇಲ್ಲ. ಬಲಿತ ಮೇಲೆ ಉದುರಿ, ತಳದಲ್ಲಿ ಅಂಟಿಕೊಂಡು, ಒಂದು ನೂರಾರಾಗಿ ಒಡೆದು, ಮರಿಗಳು ಹೊಸ ಮೀನು ಹುಡುಕಿಕೊಂಡು ಈಜುತ್ತವಲ್ಲ, ಆಗ ಮಾತ್ರ ಸಾಯುತ್ತವೆ. ನೀರು ತಣ್ಣಗಿದ್ದಷ್ಟೂ ಈ ಸುತ್ತು ನಿಧಾನ, ನಾನು ಔಷಧಿ ಹಾಕಿದ ಮೂರು ದಿನದಲ್ಲಿ ಮುಗಿಯುವಂಥದ್ದಲ್ಲ. ಹಾಗಾಗಿ ಚುಕ್ಕೆ ಎರಡನೇ ಸಲ ಇನ್ನೂ ಜೋರಾಗಿ ಬಂತು. ಹೀಟರ್ ತರುವಷ್ಟರಲ್ಲಿ ಆರು ಫ್ಯಾನ್ಸಿಯಲ್ಲಿ ಐದು ಹೋದವು.

ಪ್ಲಾಟಿಗಳಿಗೂ ಚುಕ್ಕೆ ಬಂತು, ಆದರೆ ನಾಲ್ಕೂ ಉಳಿದವು. ನಾಟಿಗಳಲ್ಲಿ ಎರಡರ ಮೇಲೆ ಒಂದೆರಡು ಚುಕ್ಕೆ, ಅಷ್ಟೇ.

ಕಾರಣ ಹುಡುಕಿದರೆ ಸಿಕ್ಕಿದ್ದು ತಳಿಯ ಕಥೆ. ಒಂದೇ ಬಣ್ಣ ನಿಲ್ಲಿಸಲು ಫ್ಯಾನ್ಸಿ ಗಪ್ಪಿಗಳನ್ನು ಒಂದೇ ಸಂತತಿಯೊಳಗೆ ತಲೆಮಾರುಗಟ್ಟಲೆ ಕೂಡಿಸುತ್ತಾರೆ. ರೋಗ ಗುರುತಿಸುವ ಎಂಎಚ್‌ಸಿ ಜೀನ್‌ಗಳ ವೈವಿಧ್ಯವೂ ಅದರ ಜೊತೆ ಕುಗ್ಗುತ್ತದೆ. ಗಪ್ಪಿಗಳ ಮೇಲೆ ಗೈರೊಡ್ಯಾಕ್ಟಿಲಸ್ ಅನ್ನುವ ಪರಾವಲಂಬಿ ಹುಳ ಬಿಟ್ಟು ನೋಡಿದ ಪ್ರಯೋಗದಲ್ಲೂ ಒಳಸಂತಾನದವೇ ಹೆಚ್ಚು ನರಳಿವೆ. ಅಂಗಡಿಯ ಪ್ಲಾಟಿಯಾದರೋ ಸಾಮಾನ್ಯವಾಗಿ ಎರಡು ಮೂರು ಜಾತಿ ಬೆರೆತ ಮಿಶ್ರತಳಿ.

ಪೂರ್ತಿ ಜೀನ್ ಮಹಿಮೆ ಅನ್ನಲಾರೆ. ಒಮ್ಮೆ ಈ ರೋಗದಿಂದ ಬದುಕಿದ ಮೀನಿಗೆ ಒಂದಷ್ಟು ಕಾಲ ತಡೆಶಕ್ತಿ ಇರುತ್ತದೆ. ಚಿಕ್ಕಪ್ಪನ ಮೀನುಗಳು ಮೊದಲೇ ಅನುಭವಿಸಿದ್ದರೂ ಇರಬಹುದು.

ನಾಟಿಯ ತೊಂದರೆ ಅಂದರೆ ನೋಟ. ಹೆಣ್ಣುಗಳು ಬೂದು ಬಣ್ಣ, ಗಂಡುಗಳ ಬಣ್ಣ ನೋಡಲು ಕನ್ನಡಕ ಬೇಕು. ಮಗಳಂತೂ "ಇದು ಮೋರಿ ಮೀನು" ಅಂದಳು. ತಿಂಗಳಿಗೊಮ್ಮೆ ಮರಿ ಬೇರೆ. ಹೆಚ್ಚಾದವನ್ನು ಕೆರೆಗೆ ಬಿಡಬೇಡಿ, ಹೆಸರಿಗೆ ನಾಟಿಯಾದರೂ ಇದು ಮೂಲತಃ ದಕ್ಷಿಣ ಅಮೆರಿಕದ ಮೀನು.

ನೀರಿನ ಗುಣ ಅಳೆಯುವ ತಾಳ್ಮೆ, ಹೊಸ ಮೀನನ್ನು ಬೇರೆ ತೊಟ್ಟಿಯಲ್ಲಿ ಮೂರ್ನಾಲ್ಕು ವಾರ ಇಟ್ಟು ನೋಡುವ ಜಾಗ ಇದ್ದವರು ಫ್ಯಾನ್ಸಿ ತನ್ನಿ. ಬಾಡಿಗೆ ಮನೆ, ಒಂದೇ ತೊಟ್ಟಿ, ಶನಿವಾರ ಮಾತ್ರ ಬಿಡುವು ಇರುವ ನನಗೆ ನಾಟಿಯೇ ಸೈ. ಉಳಿದ ಒಂದು ಕೆಂಪು ಗಂಡು ಈಗ ನಾಟಿ ಹೆಣ್ಣುಗಳ ಹಿಂದೆ ಸುತ್ತುತ್ತಿದೆ.