ಕೆರನ್ನರ್ ಸಾಕೋ, ಟರ್ಮಿನಲ್ ಬೇಕೋ?

ಬಾಗಲಕೋಟೆಯ ನವನಗರದಲ್ಲಿ ಡಿಟಿಪಿ ಅಂಗಡಿ ಇಟ್ಟ ಗೆಳೆಯ ಕಂಪ್ಯೂಟರಿಗೆ ಲಿನಕ್ಸ್ (ವಿಂಡೋಸ್‌ನಂಥ ಕಾರ್ಯಾಚರಣೆ ವ್ಯವಸ್ಥೆ) ಹಾಕಿಕೊಂಡು ಕೇಳಿದ: "ಕಮಾಂಡ್ ಎಲ್ಲಿ ಹೊಡೀಲಿ, ಕೆರನ್ನರ್‌ನ್ಯಾಗೋ, ಟರ್ಮಿನಲ್‌ನ್ಯಾಗೋ?"

ಕೆರನ್ನರ್ ಎಂದರೆ ಹೆಸರು ಟೈಪಿಸಿದರೆ ತಂತ್ರಾಂಶ ತೆರೆಯುವ, ಕಮಾಂಡ್ ಓಡಿಸುವ ಚಿಕ್ಕ ಪಟ್ಟಿ; ಟರ್ಮಿನಲ್ ಎಂದರೆ ಕಮಾಂಡ್ ಬರೆದು ಅದರ ಉತ್ತರ ಓದುವ ಕಿಟಕಿ. ಎರಡೂ ಉಚಿತ, ಖರ್ಚಿನ ಮಾತೇ ಇಲ್ಲ. ವೇಗದಲ್ಲಿ ಕೆರನ್ನರ್ ಮುಂದು. ಕೆಡಿಇ ಪ್ಲಾಸ್ಮಾ ಎಂಬ ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಆಲ್ಟ್+ಸ್ಪೇಸ್ ಒತ್ತಿ, ಇಂಕ್‌ಸ್ಕೇಪ್ (ವಿನ್ಯಾಸದ ತಂತ್ರಾಂಶ) ಎಂದು ಟೈಪಿಸಿ, ಎಂಟರ್. ಲಗ್ನಪತ್ರಿಕೆಯ ಗಿರಾಕಿ ಎದುರಿಗೆ ನಿಂತಾಗ ಇಷ್ಟು ಸಲೀಸು ಬೇರೆಯಿಲ್ಲ.

ಆದರೆ ಅದು ಕಮಾಂಡಿನ ಉತ್ತರ ತೋರಿಸುವುದಿಲ್ಲ. ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ತಿಳಿಯಲು 'ಡಿಎಫ್' (df) ಎಂಬ ಕಮಾಂಡ್ ಕೊಟ್ಟರೆ ಕಮಾಂಡ್ ಓಡುತ್ತದೆ, ಕಣ್ಣಿಗೆ ಏನೂ ಬೀಳದು. ತಪ್ಪಾದರೂ ಯಾಕೆಂದು ತಿಳಿಯದು. ನನಗೆ ಇದೇ ದೊಡ್ಡ ಕೊರತೆ. ಸುಡೋ (ನಿರ್ವಾಹಕನ ಅಧಿಕಾರ) ಬೇಕಾದ ಕೆಲಸ, ಕಡತ ಅಳಿಸುವ ಕೆಲಸ ಟರ್ಮಿನಲ್‌ಗೇ ಇರಲಿ.

ಪದೇ ಪದೇ ಉತ್ತರ ಓದುವವರಿಗೆ ಯಾಕುವಾಕೆ ಎಂಬ ಟರ್ಮಿನಲ್ ತಂತ್ರಾಂಶ ಹಾಕಿಕೊಡುತ್ತೇನೆ: ಎಫ್12 ಒತ್ತಿದರೆ ಟರ್ಮಿನಲ್ ಮೇಲಿನಿಂದ ಇಳಿಯುತ್ತದೆ.