ಲೋಡರ್ ಹಿಂದೆ ಯಾರಿದ್ದಾರೆ? ಕ್ಯಾಮೆರಾ, ರೇಡಾರ್, ಅಲಾರಂ ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೇಡಾರ್‌ಗೆ. ಆದರೆ ಮೊದಲು ದುಡ್ಡು ಹಾಕಿದ್ದು ಬರೀ ಕ್ಯಾಮೆರಾಗೆ. ಆ ತಪ್ಪು ಇನ್ನೊಬ್ಬರು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಕ್ವಾರಿಯಲ್ಲಿ ನನ್ನದೇ ಲೋಡರ್ ಓಡಿಸುತ್ತೇನೆ. ಜಲ್ಲಿ ರಾಶಿಗೆ ನುಗ್ಗಿ ಬಕೆಟ್ ತುಂಬಬೇಕು, ಹಿಂದಕ್ಕೆ ಬರಬೇಕು, ಟಿಪ್ಪರ್‌ಗೆ ಸುರಿಯಬೇಕು, ಮತ್ತೆ ಹಿಂದಕ್ಕೆ ಬರಬೇಕು. ಒಂದು ಬಕೆಟ್‌ಗೆ ಎರಡು ಸಲ ರಿವರ್ಸ್. ಹಿಂದುಗಡೆ ಎಂಜಿನ್ ಬಾನೆಟ್ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಅದರ ಮರೆಯಲ್ಲಿ ನಿಂತವರು ಕನ್ನಡಿಯಲ್ಲಿ ಕಾಣುವುದೇ ಇಲ್ಲ.

ಕ್ಯಾಮೆರಾ ಮೊದಲ ದಿನ ತುಂಬಾ ಚೆನ್ನಾಗಿತ್ತು. ಎರಡನೇ ದಿನ ಮಧ್ಯಾಹ್ನಕ್ಕೆ ಸ್ಕ್ರೀನ್ ಕಂದು ಬಣ್ಣಕ್ಕೆ ತಿರುಗಿತ್ತು. ಬರೀ ಧೂಳಾದರೆ ಗಾಳಿಗೆ ಸ್ವಲ್ಪ ಉದುರೀತು. ನಮ್ಮಲ್ಲಿ ದಾರಿಗೆ ನೀರು ಹೊಡೆಯುತ್ತಾರೆ. ನೀರಿನ ಹನಿ ಮತ್ತು ಕಲ್ಲಿನ ಪುಡಿ ಸೇರಿ ಲೆನ್ಸ್ ಮೇಲೆ ಗಾರೆ ಹಚ್ಚಿದ ಹಾಗೆ ಒಣಗುತ್ತದೆ. ಸಂಜೆ ಇಳಿಬಿಸಿಲು ನೇರ ಬಿದ್ದರೆ ಬರೀ ಬಿಳುಪು.

ಒರೆಸಿದರೆ ಆಯ್ತಲ್ವಾ ಅನ್ನಬಹುದು. ಒರೆಸಬೇಕಾದರೆ ಬಕೆಟ್ ನೆಲಕ್ಕಿಳಿಸಬೇಕು, ಪಾರ್ಕಿಂಗ್ ಬ್ರೇಕ್ ಹಾಕಬೇಕು, ಎಂಜಿನ್ ಆಫ್ ಮಾಡಿ ಕೀ ತೆಗೆಯಬೇಕು. ಗಾಡಿ ಕಡೆ ಮುಖ ಮಾಡಿ, ಎರಡು ಕೈ ಒಂದು ಕಾಲು ಅಥವಾ ಎರಡು ಕಾಲು ಒಂದು ಕೈ ಯಾವಾಗಲೂ ಹಿಡಿತದಲ್ಲಿಟ್ಟು ಇಳಿಯಬೇಕು. ಟಿಪ್ಪರ್‌ಗಳು ಸಾಲು ನಿಂತಿರುವಾಗ ದಿನಕ್ಕೆ ಎಂಟು ಹತ್ತು ಸಲ ಯಾರು ಇದನ್ನೆಲ್ಲ ಮಾಡುತ್ತಾರೆ? ನಾನೂ ಮಾಡಲಿಲ್ಲ. ಮಸುಕು ಸ್ಕ್ರೀನ್ ನೋಡಿಕೊಂಡೇ ಓಡಿಸಿದೆ.

ಒಂದು ಸಂಜೆ ಹಾಗೇ ಹಿಂದಕ್ಕೆ ಬರುತ್ತಿದ್ದೆ. ಟಿಪ್ಪರ್ ಡ್ರೈವರ್ ಒಂದೇ ಸಮನೆ ಹಾರ್ನ್ ಒತ್ತಿದರು. ಬ್ರೇಕ್ ಹಾಕಿ, ಇಳಿದು ನೋಡಿದರೆ, ಬಿದ್ದ ಹಗ್ಗ ಎತ್ತಿಕೊಳ್ಳಲು ಬಂದ ಹುಡುಗ ಎರಡು ಮಾರು ದೂರದಲ್ಲಿ ಬಗ್ಗಿದ್ದ. ಸ್ಕ್ರೀನ್‌ನಲ್ಲಿ ಅವನು ಒಂದು ಕಂದು ಮಚ್ಚೆ ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ರೇಡಾರ್ ಹಾಕಿಸಿದೆ. ಧೂಳು, ಮಳೆ, ಕತ್ತಲೆ ಯಾವುದೂ ಅದಕ್ಕೆ ದೊಡ್ಡ ಅಡ್ಡಿಯಲ್ಲ. ಏನಾದರೂ ಹತ್ತಿರ ಬಂದರೆ ಕ್ಯಾಬಿನ್ ಒಳಗೆ ಬೀಪ್ ಶುರು, ಇನ್ನೂ ಹತ್ತಿರವಾದರೆ ಜೋರು. ನಾನು ಸ್ಕ್ರೀನ್‌ಗಿಂತ ಹೆಗಲ ಮೇಲಿಂದ ತಿರುಗಿ ನೋಡುವವನು, ಹಾಗಾಗಿ ಕಿವಿಗೆ ಬರುವ ಎಚ್ಚರಿಕೆಯೇ ನನಗೆ ಸರಿ.

ಕಿರಿಕಿರಿ ಇಲ್ಲ ಅಂತಲ್ಲ. ಪಕ್ಕದ ರಾಶಿಗೂ ಕೂಗುತ್ತದೆ. ಬೇಸರಕ್ಕೆ ಅದು ಕೂಗಲು ಶುರುಮಾಡುವ ದೂರವನ್ನು ತೀರಾ ಕಡಿಮೆ ಮಾಡಿದರೆ ಉಪಯೋಗವಿಲ್ಲ. ಗಂಟೆಗೆ 10 ಕಿ.ಮೀ. ಅಂದರೆ ಸೆಕೆಂಡಿಗೆ ಹತ್ತಿರಹತ್ತಿರ 2.8 ಮೀಟರ್. ಬೀಪ್ ಕೇಳಿ ಕಾಲು ಬ್ರೇಕ್‌ಗೆ ಹೋಗುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತೇವೆ. ಕೂಗುತ್ತಿರುವುದು ಕಲ್ಲಿಗೋ ಮನುಷ್ಯನಿಗೋ ಅಂತಲೂ ಅದು ಹೇಳುವುದಿಲ್ಲ. ಅದಕ್ಕೇ ಕ್ಯಾಮೆರಾ ಕಿತ್ತುಹಾಕಿಲ್ಲ.

ಡಂಪರ್‌ಗೆ ಬರೀ ರೇಡಾರ್ ಹಾಕಿ ಅಂತ ಹೇಳಲಾರೆ. ಡಂಪರ್ ಪ್ರತಿ ಟ್ರಿಪ್‌ನಲ್ಲೂ ಕಲ್ಲು ಸುರಿಯುವ ಹಾಪರ್‌ಗೋ ಅಂಚಿನ ಒಡ್ಡಿಗೋ ಹಿಂದಕ್ಕೇ ಹೋಗಬೇಕು, ರೇಡಾರ್ ಪ್ರತಿ ಸಲವೂ ಕೂಗುತ್ತದೆ. ವಾರ ಕಳೆದರೆ ಆಪರೇಟರ್ ಅದನ್ನು ಕೇಳಿಸಿಕೊಳ್ಳುವುದೇ ಬಿಡುತ್ತಾರೆ. ಅಂಚಿನಲ್ಲಿ ಬೇಕಾಗಿರುವುದು ಗಟ್ಟಿ ಒಡ್ಡು, ಕನಿಷ್ಠ ಅಲ್ಲಿ ಓಡುವ ಅತಿ ದೊಡ್ಡ ಗಾಡಿಯ ಆಕ್ಸೆಲ್ ಎತ್ತರಕ್ಕೆ.

ರಿವರ್ಸ್ ಅಲಾರಂ ಬಗ್ಗೆ ಎರಡು ಮಾತು. ‘ಬೀಪ್ ಬೀಪ್’ ಒಂದೇ ಸ್ವರದ್ದು, ಮೂರು ಗಾಡಿ ಒಟ್ಟಿಗೆ ಕೂಗಿದರೆ ಯಾವುದು ಎಲ್ಲಿಂದ ಅಂತ ಗೊತ್ತಾಗುವುದಿಲ್ಲ. ‘ಶ್ಶ್ ಶ್ಶ್’ ಅನ್ನುವ ವೈಟ್ ನಾಯ್ಸ್ ಅಲಾರಂನಲ್ಲಿ ಹಲವು ಸ್ವರ ಬೆರೆತಿರುವುದರಿಂದ ಕಿವಿ ದಿಕ್ಕು ಹಿಡಿಯುತ್ತದೆ. ನಾನು ಬೀಪ್ ತೆಗೆದು ಇದನ್ನೇ ಹಾಕಿದ್ದೇನೆ. ಆದರೆ ಇದು ಎಚ್ಚರಿಸುವುದು ಕೆಳಗಿರುವವರನ್ನು, ನನ್ನನ್ನಲ್ಲ.

ತಿರುಗುವಾಗ ಲೋಡರ್ ನಡು ಮಡಚುವ ಜಾಗ ಇವ್ಯಾವುದಕ್ಕೂ ಕಾಣುವುದಿಲ್ಲ. ಅಲ್ಲಿ ಯಾರೂ ನಿಲ್ಲಲೇಬಾರದು.

ಒಂದಕ್ಕೆ ಮಾತ್ರ ದುಡ್ಡಿದ್ದರೆ, ಲೋಡರ್‌ಗೆ ಕಣ್ಣು ಮುಚ್ಚಿ ರೇಡಾರ್ ತೆಗೆದುಕೊಳ್ಳಿ. ಧೂಳು ಕಡಿಮೆ ಇರುವ ಕಡೆ ಕ್ಯಾಮೆರಾ ಸಾಕಾಗಬಹುದು. ನನ್ನ ಗಾಡಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸಿ ರಿವರ್ಸ್ ಹಾಕಿದರೂ ರೇಡಾರ್ ಕೆಲಸ ಮಾಡುತ್ತದೆ. ದಿನಾ ಬೆಳಿಗ್ಗೆ ಲೆನ್ಸ್ ಒರೆಸಿ, ಹಾಗೆ ಕೀ ತಿರುಗಿಸಿ, ಆ ಹುಡುಗನನ್ನೇ ಹಿಂದೆ ನಿಲ್ಲಿಸುತ್ತೇನೆ. ರೇಡಾರ್ ಕೂಗಿದ ಮೇಲೆ ಅವನು ಪಕ್ಕಕ್ಕೆ ಬಂದು ಕೈ ಎತ್ತುತ್ತಾನೆ, ಆಮೇಲೆ ಎಂಜಿನ್ ಸ್ಟಾರ್ಟ್.