ಅಂಬಾಸಿಡರ್‌ಗೆ ರೇಡಿಯಲ್, ತೋಟದ ಜೀಪಿಗೆ ನೈಲಾನ್: ಒಂದು ಮಳೆಗಾಲ ಓಡಿಸಿದ ಮೇಲೆ

ನಮ್ಮ ಮನೆಯಲ್ಲಿ ಎರಡು ಹಳೇ ಗಾಡಿಗಳಿವೆ. ಒಂದು ಅಪ್ಪನ ಮಾರ್ಕ್ 4 ಅಂಬಾಸಿಡರ್, ಇನ್ನೊಂದು ಆಲ್ದೂರಿನ ಹತ್ತಿರ ತೋಟದಲ್ಲಿ ದುಡಿಯುವ ಮಹೀಂದ್ರ ಜೀಪು. ಎರಡಕ್ಕೂ ಒಟ್ಟಿಗೇ ಟೈರು ಬದಲಾಯಿಸಬೇಕಾಗಿ ಬಂತು. ಕಾರಿಗೆ ರೇಡಿಯಲ್ ಹಾಕಿಸಿದೆ, ಜೀಪಿಗೆ ಮತ್ತೆ ನೈಲಾನ್ ಟೈರನ್ನೇ ಹಾಕಿಸಿದೆ. ಒಂದು ಮಳೆಗಾಲ ಪೂರ್ತಿ ಓಡಿಸಿ ಆಯ್ತು, ಎರಡೂ ಸರಿಯಾದ ಆಯ್ಕೆ ಅಂತ ಈಗ ಧೈರ್ಯವಾಗಿ ಹೇಳುತ್ತೇನೆ. ಹಳೇ ಗಾಡಿ ಅಂದ ಕೂಡಲೇ ಕೆಲವರು ನೈಲಾನೇ ಹಾಕಬೇಕು ಅಂತಾರೆ, ಇನ್ನು ಕೆಲವರು ಈ ಕಾಲದಲ್ಲಿ ಯಾರು ನೈಲಾನ್ ಹಾಕ್ತಾರೆ ಅಂತಾರೆ. ಗಾಡಿಯ ವಯಸ್ಸು ನೋಡಿ ಇದನ್ನು ತೀರ್ಮಾನ ಮಾಡೋಕಾಗಲ್ಲ. ಅದು ದಿನಾ ಯಾವ ದಾರಿಯಲ್ಲಿ ಓಡುತ್ತೆ ಅನ್ನೋದು ಮುಖ್ಯ.

ವ್ಯತ್ಯಾಸ ಇರೋದು ರಬ್ಬರಿನ ಒಳಗೆ. ನೈಲಾನ್ ಟೈರಿನಲ್ಲಿ ನೂಲಿನ ಪದರಗಳು ಓರೆಯಾಗಿ, ಒಂದರ ಮೇಲೊಂದು ಕತ್ತರಿ ಹಾಕಿದ ಹಾಗೆ ಕೂತಿರುತ್ತವೆ. ನೆಲಕ್ಕೆ ತಾಗುವ ಭಾಗ, ಪಕ್ಕದ ಸೈಡ್‌ವಾಲ್ ಎರಡಕ್ಕೂ ಅವೇ ಪದರಗಳು. ಹಾಗಾಗಿ ತಿರುವಿನಲ್ಲಿ ಸೈಡ್‌ವಾಲ್ ಬಾಗಿದರೆ ಕೆಳಗಿನ ಗ್ರಿಪ್ ಕೂಡ ಅದರ ಜೊತೆ ಮುದುಡಿಕೊಳ್ಳುತ್ತೆ. ರೇಡಿಯಲ್‌ನಲ್ಲಿ ನೂಲು ರಿಮ್ಮಿನ ಒಂದು ಅಂಚಿಂದ ಇನ್ನೊಂದು ಅಂಚಿಗೆ ನೇರ ಅಡ್ಡ ಹೋಗುತ್ತೆ, ಗ್ರಿಪ್ಪಿನ ಕೆಳಗೆ ಮಾತ್ರ ಸ್ಟೀಲ್ ತಂತಿಯ ಪಟ್ಟಿ ಇರುತ್ತೆ. ಪಕ್ಕ ಎಷ್ಟೇ ಬಾಗಿದರೂ ತಳ ರಸ್ತೆಗೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತೆ. ಮಿಶೆಲಿನ್ ಕಂಪನಿ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದು 1946ರಲ್ಲಿ. ಆದರೆ ನಮ್ಮ ಅಂಬಾಸಿಡರ್‌ನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ 1950ರ ದಶಕದ ಕಾರು, ಅದರ ಸಸ್ಪೆನ್ಷನ್ ಎಲ್ಲಾ ಹಳೇ ಥರದ ಟೈರಿಗೇ ಹೊಂದಿಸಿದ್ದು. ಹಾಗಾಗಿ ರೇಡಿಯಲ್ ಹಾಕಿದರೆ ಕಾರು ಒಪ್ಪುತ್ತಾ ಅನ್ನೋ ಅನುಮಾನ ನನಗೂ ಇತ್ತು.

ಒಪ್ಪಿತು. ಮೊದಲು ಗೊತ್ತಾಗಿದ್ದು ಬೇಲೂರು ಮೇಲೆ ಹಾಸನಕ್ಕೆ ಹೋಗುವಾಗ. ಟಾರಿನ ಅಂಚು ಎಲ್ಲೆಲ್ಲಿ ಕಿತ್ತುಹೋಗಿದೆಯೋ ಅಲ್ಲೆಲ್ಲಾ ನೈಲಾನ್ ಟೈರು ಆ ಕಡೆಗೇ ಎಳೆಯುತ್ತಿತ್ತು. ಸ್ಟೇರಿಂಗ್ ಸದಾ ಎಡಕ್ಕೆ ಬಲಕ್ಕೆ ಅಂತ ತಿದ್ದುತ್ತಾ ಇರಬೇಕಿತ್ತು. ಈಗ ಆ ಕೆಲಸ ಮುಕ್ಕಾಲು ಭಾಗ ಕಮ್ಮಿ ಆಗಿದೆ, ಅಪ್ಪ ಹಾಸನ ತಲುಪಿ ಇಳಿದಾಗ ಭುಜ ಒತ್ತಿಕೊಳ್ಳೋದು ನಿಂತಿದೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಗಾಡಿ ನೆಟ್ಟಗೆ ನಿಲ್ಲುತ್ತೆ. ನಾಲ್ಕೂ ಡ್ರಮ್ ಬ್ರೇಕ್ ಇರುವ ಇಷ್ಟು ಭಾರದ ಕಾರಿಗೆ ಇದು ಸಣ್ಣ ವಿಷಯ ಅಲ್ಲ. ಇನ್ನೊಂದು ತೊಂದರೆನೂ ಹೋಯಿತು. ನೈಲಾನ್ ಟೈರು ಓಡಿ ಬಿಸಿಯಾಗಿದ್ದಾಗ ಶೆಡ್ಡಿನಲ್ಲಿ ನಿಲ್ಲಿಸಿದರೆ ತಣ್ಣಗಾಗುತ್ತಾ ನೆಲಕ್ಕೆ ತಾಗಿದ ಜಾಗ ಚಪ್ಪಟೆಯಾಗುತ್ತೆ, ಬೆಳಗ್ಗೆ ಹೊರಟಾಗ ಟೈರು ಮತ್ತೆ ಬಿಸಿಯಾಗುವ ತನಕ ಧಡಧಡ ಅಂತ ಕುಣಿಸುತ್ತೆ. ವಾರಕ್ಕೊಮ್ಮೆ ತೆಗೆಯುವ ಗಾಡಿಗಳಿಗೆ ಇದು ದೊಡ್ಡ ಕಿರಿಕಿರಿ.

ಕೊರತೆಗಳೂ ಇವೆ. ನಿಂತಲ್ಲೇ ತಿರುಗಿಸುವಾಗ ಸ್ಟೇರಿಂಗ್ ಮೊದಲಿಗಿಂತ ಭಾರ. ಎಂ.ಜಿ. ರೋಡಿನಲ್ಲಿ ಪಾರ್ಕ್ ಮಾಡುವಾಗ ಚೆನ್ನಾಗಿ ಗೊತ್ತಾಗುತ್ತೆ. ನಿಧಾನಕ್ಕೆ ಹೋಗುವಾಗ ಸಣ್ಣ ಗುಂಡಿಯ ಏಟು ಸ್ವಲ್ಪ ಗಟ್ಟಿಯಾಗೇ ಒಳಗೆ ಬರುತ್ತೆ.

ಈಗ ಒಂದು ಮುಖ್ಯ ವಿಷಯ, ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ನಾನು ಮೊದಲು ವಿಚಾರಿಸಿದ ಒಂದು ಅಂಗಡಿಯಲ್ಲಿ, "ಸರ್, ಹಿಂದಿಂದು ಇನ್ನೂ ಚೆನ್ನಾಗಿದೆ, ಮುಂದೆ ಮಾತ್ರ ಎರಡು ರೇಡಿಯಲ್ ಹಾಕ್ಬಿಡಿ, ದುಡ್ಡು ಉಳಿಯುತ್ತೆ" ಅಂದರು. ನಾನು ಅಲ್ಲಿಂದ ಎದ್ದು ಬಂದೆ. ಮುಂದೆ ರೇಡಿಯಲ್, ಹಿಂದೆ ನೈಲಾನ್ ಇದ್ದರೆ ತಿರುವಿನಲ್ಲಿ ಮುಂಭಾಗ ರಸ್ತೆ ಹಿಡಿದುಕೊಳ್ಳುತ್ತೆ, ಹಿಂಭಾಗ ಜಾರುತ್ತೆ. ಜುಲೈ ತಿಂಗಳಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ಹಿಂದಿನ ಚಕ್ರ ಜಾರಿದರೆ ಏನಾಗುತ್ತೆ ಅಂತ ಯೋಚನೆ ಮಾಡಿ. ಒಂದೇ ಆಕ್ಸಲ್ಲಿನಲ್ಲಿ ಒಂದು ಕಡೆ ಇದು ಒಂದು ಕಡೆ ಅದು ಅಂತೂ ಯಾವ ಕಾರಣಕ್ಕೂ ಬೇಡ. ಹಾಕಿದರೆ ನಾಲ್ಕೂ ಒಂದೇ ಥರ, ಸ್ಟೆಪ್ನಿಯೂ ಅದೇ. ಒಟ್ಟಿಗೆ ಐದಕ್ಕೆ ದುಡ್ಡಿಲ್ಲ ಅಂದರೆ ಇನ್ನೊಂದು ವರ್ಷ ಕಾಯಿರಿ.

ಸೈಜು ಹುಡುಕೋದಕ್ಕೆ ತಾಳ್ಮೆ ಬೇಕು. ಅಂಬಾಸಿಡರ್‌ನ ಹಳೇ ಸೈಜು 5.90-15, ಅದಕ್ಕೆ ಹತ್ತಿರದ ರೇಡಿಯಲ್ 165/80 ಆರ್15. ಎತ್ತರ ಸುಮಾರು 645 ಮಿಲಿಮೀಟರ್ ಬರುತ್ತೆ, ಹಳೆಯದಕ್ಕೂ ಇದಕ್ಕೂ ಹೆಚ್ಚು ಅಂತರ ಇಲ್ಲ, ಹಾಗಾಗಿ ಸ್ಪೀಡೋಮೀಟರ್ ಅಷ್ಟಾಗಿ ತಪ್ಪು ತೋರಿಸಲ್ಲ. ನಮ್ಮೂರಿನ ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ, ಆರ್ಡರ್ ಕೊಟ್ಟು ತರಿಸಿಕೊಂಡೆ. ಹಳೇ ರಿಮ್ಮು ಟ್ಯೂಬ್‌ಲೆಸ್‌ಗೆ ಅಂತ ಮಾಡಿದ್ದಲ್ಲ, ಗಾಳಿ ಇಳಿದರೆ ಟೈರಿನ ಅಂಚು ಜಾರದ ಹಾಗೆ ಹಿಡಿಯುವ ಉಬ್ಬು ಅದರಲ್ಲಿ ಇರಲ್ಲ. ಟ್ಯೂಬ್ ಹಾಕಿಯೇ ಓಡಿಸಿ, ಅದೂ ರೇಡಿಯಲ್‌ಗೆ ಅಂತಲೇ ಬರುವ ಹೊಸ ಟ್ಯೂಬ್. ವೀಲ್ ಅಲೈನ್‌ಮೆಂಟ್ ಮತ್ತೆ ಮಾಡಿಸಿ, ಯಾಕಂದ್ರೆ ರೇಡಿಯಲ್‌ಗೆ ಮುಂದಿನ ಚಕ್ರಗಳು ಹಳೇ ಲೆಕ್ಕದಷ್ಟು ಒಳಮುಖವಾಗಿ ಇರಬೇಕಿಲ್ಲ.

ಗಾಳಿ ವಿಷಯದಲ್ಲಿ ಕಣ್ಣು ನಂಬಬೇಡಿ. ರೇಡಿಯಲ್‌ನ ಪಕ್ಕ ಯಾವಾಗಲೂ ಸ್ವಲ್ಪ ಉಬ್ಬಿಕೊಂಡೇ ಇರುತ್ತೆ. ಬಂಕಿನಲ್ಲಿ ಗಾಳಿ ಹಿಡಿಯುವ ಹುಡುಗ ಕಾಲಲ್ಲಿ ಒಮ್ಮೆ ಒತ್ತಿ ನೋಡಿ, "ಅಣ್ಣಾ, ಗಾಳಿ ಇಳಿದಿದೆ" ಅಂತ ಪೈಪು ಚುಚ್ಚೇಬಿಡುತ್ತಾನೆ. ಮೊದಲು ಮೀಟರ್ ಇಟ್ಟು ನೋಡಪ್ಪಾ ಅನ್ನಿ. ಜಾಸ್ತಿ ತುಂಬಿದರೆ ಗ್ರಿಪ್ಪಿನ ಮಧ್ಯಭಾಗ ಮಾತ್ರ ಸವೆದುಹೋಗುತ್ತೆ.

ಇನ್ನು ಜೀಪು. ಅದು ಟಾರು ರಸ್ತೆ ನೋಡೋದೇ ಕಮ್ಮಿ. ಕಾಫಿ ಮೂಟೆ ಹೇರಿಕೊಂಡು ತೋಟದ ಏರು ಹತ್ತಬೇಕು, ದಾರಿಯುದ್ದಕ್ಕೂ ಚೂಪು ಕಲ್ಲು, ಕಡಿದ ಗಿಡದ ಬೊಡ್ಡೆ. ಇಲ್ಲಿ ಮೊದಲು ಏಟು ತಿನ್ನೋದು ಸೈಡ್‌ವಾಲ್. ನೈಲಾನ್‌ನ ಪದರಗಳು ಪಕ್ಕದಲ್ಲೂ ಅಷ್ಟೇ ದಪ್ಪ ಇರೋದರಿಂದ ತಡೆದುಕೊಳ್ಳುತ್ತೆ. ರೇಡಿಯಲ್‌ನ ಪಕ್ಕ ತೆಳು, ಕೊಯ್ದರೆ ಆ ಟೈರಿನ ಕಥೆ ಮುಗೀತು. ನೈಲಾನ್ ಕೊಯ್ದರೆ ಪಂಚರ್ ಅಂಗಡಿಯಲ್ಲಿ ಒಳಗೆ ಗೇಟರ್, ಅಂದ್ರೆ ಕೊಯ್ದ ಜಾಗ ಮುಚ್ಚುವ ದಪ್ಪ ತೇಪೆ, ಹಾಕಿಸಿ ತೋಟದೊಳಗಿನ ನಿಧಾನದ ಓಡಾಟಕ್ಕೆ ಬಳಸಬಹುದು, ಹೆದ್ದಾರಿಗೆ ಮಾತ್ರ ತರಬಾರದು. 6.00-16 ಟೈರು ಅಗಲ ಕಮ್ಮಿ, ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತೆ. ಸುಮಾರು ಜನ 15 ಇಂಚಿನ ರಿಮ್ಮಿಗೆ ಬದಲಾಯಿಸಿ ಬೊಲೆರೊದ 215/75 ಆರ್15 ರೇಡಿಯಲ್ ಹಾಕಿಸುತ್ತಾರೆ. ನೋಡೋಕೆ ಚೆಂದ, ಪೇಟೆ ಓಡಾಟಕ್ಕೂ ಒಳ್ಳೆಯದೇ, ಆದರೆ ಗಾಡಿಯ ಎತ್ತರ ಸ್ವಲ್ಪ ಕಮ್ಮಿ ಆಗುತ್ತೆ. ದುಡಿಯುವ ಜೀಪಿಗೆ ನನಗದು ಸರಿ ಕಾಣಲಿಲ್ಲ.

ಕಾರನ್ನು ಕಂಪನಿಯಿಂದ ಬಂದ ಹಾಗೇ ಉಳಿಸಿಕೊಂಡು ವಿಂಟೇಜ್ ರ‍್ಯಾಲಿಗಷ್ಟೇ ತೆಗೆಯುವವರು ನೈಲಾನ್ ಇಟ್ಟುಕೊಂಡರೆ ನನ್ನ ತಕರಾರಿಲ್ಲ, ಆ ತೆಳ್ಳಗಿನ ಎತ್ತರದ ಟೈರಿನಲ್ಲಿ ಹಳೇ ಕಾರಿನ ಅಂದವೇ ಬೇರೆ. ಯಾವುದನ್ನೇ ಕೊಂಡರೂ ದುಡ್ಡು ಕೊಡುವ ಮೊದಲು ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿ ಓದಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು ಅಂತ. ಹಳೇ ಸೈಜುಗಳು ಬೇಗ ಖರ್ಚಾಗಲ್ಲ, ಗೋಡೌನಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದು ಹೊಸದರ ಬೆಲೆಗೇ ಕೈಗೆ ಬರಬಹುದು. ಗ್ರಿಪ್ ಪೂರ್ತಿ ಇದ್ದರೂ ಪಕ್ಕದಲ್ಲಿ ಸಣ್ಣ ಬಿರುಕು ಕಂಡರೆ ಬೇಡ ಅಂತ ವಾಪಸ್ ಕೊಟ್ಟುಬಿಡಿ.